ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ

ಶವಪೆಟ್ಟಿಗೆ ಮೊದಲನೇ ಬೇಸು ದಾಟಿ ಎರಡನೆಯದಕ್ಕೆ ಬರುವ ಹೊತ್ತಿಗೆ ಎರ್ಸಿಲಿಯಾ ಗ್ಯಾಲರಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಮೈದಾನದೊಳಗೆ ನಡೆದು ಬಂದು ಗಂಡನ ಪೆಟ್ಟಿಗೆಗೆ ಅಡ್ಡ ನಿಂತಳು. ಹೊತ್ತಿದ್ದ ಆರು ಮಂದಿಯೂ ನಿಂತರು. ಧ್ವನಿವರ್ಧಕದಲ್ಲಿ "ಇಗೋ, ನಮ್ಮ ಪೊರಕೆ ಓಡಿ ಬರ್ತಿದಾನೆ" ಎಂದು ವರ್ಣಿಸುತ್ತಿದ್ದವನೂ ಮಾತು ನುಂಗಿಕೊಂಡ.

"ಇಳಿಸು," ಎಂದಳು.

"ಇನ್ನೇನು ಕೊಮಾದ್ರೆ, ಮೂರನೇದು ಮುಟ್ಟಿಸಿದ್ರೆ ಹೋಮ್ ಪ್ಲೇಟು," ಎಂದ ಚಾಗೊ. ಮುಂದಿನ ಬಲಗಡೆಯ ಹೆಗಲು ಅವನದು. ಅವಳ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾದವನು. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ. "ಅಲ್ಲಿಂದ ಸೀದಾ ಸ್ಮಶಾನ. ಬಿಸಿಲು ನೋಡಿ."

"ಹೋಮ್ ಮುಟ್ಟಿಸಬೇಡ. ಅದನ್ನ ಹೇಳೋಕೇ ಇಳಿದು ಬಂದೆ."

ಸಾನ್ ಪೆದ್ರೊ ಊರಿನಲ್ಲಿ ಬೇಸ್‌ಬಾಲ್ ಆಟಗಾರ ಸತ್ತರೆ ಚೆಂಡನ್ನು ಗೋಡೆಯಾಚೆ ಹಾರಿಸಿ ಹೋಮ್ ರನ್ ಹೊಡೆದವನು ಸುತ್ತುವ ಹಾಗೆ ಮೂರೂ ಬೇಸು ಸುತ್ತಿಸಿ, ಬ್ಯಾಟು ಬೀಸುವ ಜಾಗವಾದ ಹೋಮ್ ಪ್ಲೇಟಿಗೆ ವಾಪಸ್ ತಂದು, ಆಮೇಲೆ ಮಣ್ಣಿಗೆ ಒಯ್ಯುತ್ತಾರೆ. ಎರ್ಸಿಲಿಯಾಳ ಗಂಡ ಎಲ್ಪಿಡಿಯೊ ಹಾಜ್ ಸಾಮಾನ್ಯ ಆಟಗಾರನಲ್ಲ. ಅಮೆರಿಕದಲ್ಲಿ ಆರು ವರ್ಷ ಆಡಿದವನು. ಪ್ರತಿ ಚಳಿಗಾಲವೂ ಊರಿನ ತಂಡಕ್ಕೆ ಶಾರ್ಟ್‌ಸ್ಟಾಪ್ ಆಗಿ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವಿನ ಕೆಂಪು ಮಣ್ಣಿನಲ್ಲಿ ನಿಂತವನು. ಅಲ್ಲಿ ನೆಲಕ್ಕೆ ತಾಗಿ ಬಂದ ಚೆಂಡು ಹಿಂದಕ್ಕೆ ಹೋದದ್ದನ್ನು ಕಂಡವರಿಲ್ಲ. ಅದಕ್ಕೇ ಪೊರಕೆ ಅನ್ನೋ ಅಡ್ಡಹೆಸರು. ಆದರೆ ಇಡೀ ಆಯುಷ್ಯದಲ್ಲಿ ಅವನ ಹೆಸರಿಗೆ ಒಂದೂ ಹೋಮ್ ರನ್ ಇರಲಿಲ್ಲ.

"ಹೊಡೆದಿದ್ದ, ಒಂದು," ಎಂದ ಹಿಂದುಗಡೆ ಹೆಗಲು ಕೊಟ್ಟಿದ್ದ ತೋನ್ಯೊ. "ವಾಪಸ್ ಕೊಟ್ಟ, ಮುಂಡೇದು."

* * *

ರಾಜಧಾನಿಯ ತಂಡದ ಮೇಲೆ ಫೈನಲ್. ಕೊನೆಯ ಸರದಿ, ಇಬ್ಬರು ಔಟು, ಊರಿನ ತಂಡ ಒಂದು ರನ್ ಹಿಂದೆ. ಮೊದಲನೇ ಬೇಸಿನಲ್ಲಿ ಊರಿನ ತಂಡದವನೊಬ್ಬ ನಿಂತಿದ್ದ. ಎಲ್ಪಿಡಿಯೊ ಬೀಸಿದ ಚೆಂಡು ಎಡಗಡೆಯ ಗೋಡೆಯಾಚೆ ಬಿತ್ತು. ಅಂಪೈರ್ ಬೆರಳು ಸುತ್ತಿಸಿ ಹೋಮ್ ರನ್ ಕೊಟ್ಟ. ಗ್ಯಾಲರಿಯಲ್ಲಿ ಗಂಡಸರು ಪಕ್ಕದಲ್ಲಿದ್ದವರ ಹೆಂಡಿರನ್ನೂ ತಬ್ಬಿಕೊಂಡು ಕುಣಿದರು. ಮುಂದಿನ ಬ್ಯಾಟಿಗೆ ಕಾದಿದ್ದ ಚಾಗೊ ಬ್ಯಾಟು ಎಸೆದು ಹೋಮ್ ಪ್ಲೇಟಿನಲ್ಲಿ ಕೈ ಅಗಲಿಸಿ ನಿಂತ.

ಎಲ್ಪಿಡಿಯೊ ಬರಲಿಲ್ಲ. ಎರಡನೇ ಬೇಸಿನಲ್ಲೇ ನಿಂತು ಅಂಪೈರನನ್ನು ಕರೆದ.

"ಚೆಂಡು ಒಳಗೆ ನೆಲಕ್ಕೆ ಬಿದ್ದು ಪುಟಿದು ಹಾರಿತು. ನಾನು ನೋಡಿದೆ. ನಂದು ಎರಡೇ ಬೇಸು."

"ಕೊಟ್ಟಾಯ್ತಲ್ಲಯ್ಯ. ಓಡು, ಮಾರಾಯ."

"ಎರಡೇ."

ಅಂಪೈರುಗಳು ಗುಂಪುಗೂಡಿ ಮಾತಾಡಿಕೊಂಡರು. ಮೊದಲನೇ ಬೇಸಿನಿಂದ ಮುಂದೆ ಓಡಿದ್ದವನನ್ನು ಮೂರನೇ ಬೇಸಿಗೆ ವಾಪಸ್ ಕಳಿಸಿದರು. ಚಾಗೊ ಬ್ಯಾಟು ಹೆಕ್ಕಿಕೊಂಡು ಬಂದು ಮೂರು ಸಲ ಗಾಳಿಗೆ ಬೀಸಿ ಔಟಾದ. ಗೆದ್ದವರ ಕಪ್ ರಾಜಧಾನಿಗೆ ಹೋಯಿತು.

ಅಂದು ಸಂಜೆ ಎರ್ಸಿಲಿಯಾಳ ಮನೆಯ ತಗಡಿನ ಮೇಲೆ ಕಲ್ಲು ಬಿದ್ದವು. ಎಲ್ಪಿಡಿಯೊ ಒಳಗೆ ಕೂತು ಕರಿದ ಬಾಳೆಕಾಯಿ ತಿನ್ನುತ್ತಿದ್ದ. "ಒಬ್ಬನಿಗೂ ಗುರಿ ಇಲ್ಲ ನೋಡು," ಎಂದ. "ಬಾಗಿಲು ಇಷ್ಟಗಲ ತೆರೆದಿದೆ."

* * *

"ಯಾಕ್ರೋ ನಿಂತ್ರಿ?" ಗ್ಯಾಲರಿಯಿಂದ ಯಾರೋ ಕೂಗಿದರು. "ಇವತ್ತೂ ಎರಡನೇದರಲ್ಲೇ ನಿಂತುಬಿಟ್ಟನಾ?"

ಸಾವಿರಾರು ಜನ ನಕ್ಕರು. ಎರ್ಸಿಲಿಯಾ ನಗಲಿಲ್ಲ.

"ಆ ವರ್ಷ ಮಳೆಗಾಲ ಮುಗಿಯೋವರೆಗೂ ನೀನು ಅವನ ಜೊತೆ ಮಾತಾಡಲಿಲ್ಲ ಕೊಂಪಾದ್ರೆ."

"ಆಡಲಿಲ್ಲ." ಚಾಗೊ ಹೆಗಲು ಬದಲಿಸಿದ. "ಅದಕ್ಕೇ ಕೊಮಾದ್ರೆ. ಅವತ್ತು ನಾನು ಹೊಡೆದಿದ್ರೆ ಅವನು ಹೋಮ್ ಮುಟ್ತಿದ್ದ. ಇವತ್ತಾದ್ರೂ ನನ್ನ ಹೆಗಲ ಮೇಲೆ ಮುಟ್ಟಲಿ. ಜನ ಅದಕ್ಕೇ ಬಂದಿದಾರೆ."

"ಊರೆಲ್ಲ ಕೊಟ್ಟಿದ್ದನ್ನ ಬೇಡ ಅಂದವನು ಅವನು. ಬದುಕಿದ್ದಾಗ ಅವನ ಜೇಬಿಗೆ ತುರುಕೋಕೆ ಆಗಲಿಲ್ಲ. ಈಗ ಬಾಯಿಲ್ಲ ಅಂತ ಹೊತ್ಕೊಂಡು ಓಡ್ತಿದೀಯ."

"ಜೇಬಿನ ಮಾತು ನೀವಾಡಬೇಡಿ, ಅದರ ತುಂಬ ಕಲ್ಲೇ," ಎಂದ ತೋನ್ಯೊ. ಆರೂ ಜನ ಮೆಲ್ಲಗೆ ನಕ್ಕರು, ಪೆಟ್ಟಿಗೆ ಅಲುಗಾಡಿತು. ಆಟಕ್ಕೆ ಮುಂಚೆ ಎಲ್ಪಿಡಿಯೊ ತನ್ನ ಜಾಗದಲ್ಲಿ ಚೆಂಡು ತಾಗಿ ದಿಕ್ಕು ತಪ್ಪದಿರಲೆಂದು ಬಗ್ಗಿ ಬಗ್ಗಿ ಹರಳುಕಲ್ಲು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬಟ್ಟೆ ಒಗೆಯುವಾಗ ಎರ್ಸಿಲಿಯಾ ಬೈಯುತ್ತಿದ್ದಳು. ವಿಮಾನ ಹತ್ತಿದರೆ ಕಣ್ಣು ಮುಚ್ಚಿ ಜಪಮಾಲೆ ಹಿಡಿಯುವ ಅದೇ ಮನುಷ್ಯ, ಹರಳಿಗೆ ತಾಗಿ ಮುಖಕ್ಕೆ ಹಾರಿದ ಚೆಂಡನ್ನು ಒಮ್ಮೆ ಬರಿಗೈಯಲ್ಲಿ ಹಿಡಿದು, ಬೀಳುತ್ತ ಬೀಳುತ್ತಲೇ ಮೊದಲನೇ ಬೇಸಿಗೆ ಎಸೆದಿದ್ದ. ಓಡುತ್ತಿದ್ದ ಎದುರಾಳಿ ಔಟಾಗಿದ್ದನ್ನೂ ಮರೆತು ಹಿಂತಿರುಗಿ ಬಂದು ಅವನ ಅಂಗೈ ತಿರುವಿ ನೋಡಿದ್ದ. ಪಕ್ಕದಲ್ಲೇ ನಿಂತಿದ್ದ ಚಾಗೊ ಶಿಲುಬೆಯ ಗುರುತು ಮಾಡಿಕೊಂಡಿದ್ದ.

ಈಗ ಚಾಗೊ ಹೋಮ್ ಪ್ಲೇಟಿನ ಕಡೆ ಒಮ್ಮೆ ನೋಡಿದ. ಅಲ್ಲಿ ಹೂವಿನ ಚಕ್ರಗಳನ್ನು ಜೋಡಿಸಿದ್ದರು.

"ಮತ್ತೆ ಎಲ್ಲಿಗೆ ಒಯ್ಯಲಿ?"

ಎರ್ಸಿಲಿಯಾ ತುಟಿ ಚಾಚಿ ಎಲ್ಪಿಡಿಯೊ ನಿಲ್ಲುತ್ತಿದ್ದ ಜಾಗ ತೋರಿಸಿದಳು.

ಅವರು ಬೇಸಿನ ಗೆರೆ ಬಿಟ್ಟು ಕೆಂಪು ಮಣ್ಣಿಗೆ ಇಳಿದು ಪೆಟ್ಟಿಗೆ ಕೆಳಗಿಟ್ಟರು. ಚಾಗೊ ಅದರ ಮುಚ್ಚಳ ಸವರಿ, ಎರಡನೇ ಬೇಸಿನ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತ. ತೋನ್ಯೊ ಮೂರನೆಯದಕ್ಕೆ ಹೋದ. ಹೊತ್ತವರಲ್ಲೇ ಒಬ್ಬನಾದ, ಸೊಂಟ ಹಿಡಿದುಕೊಂಡಿದ್ದ ಮುದುಕ ವಿನಿಸಿಯೊ ಕುಂಟುತ್ತ ತಾನು ಹಿಂದೆ ಕಾಯುತ್ತಿದ್ದ ಮೊದಲನೆಯದಕ್ಕೆ ನಡೆದ. ತಂಡದ ಈಗಿನ ತರಬೇತುದಾರ ಹೂವಿನ ಚಕ್ರಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಒಂದು ಬ್ಯಾಟು ತರಿಸಿಕೊಂಡು, ಚೆಂಡನ್ನು ತಾನೇ ಮೇಲಕ್ಕೆಸೆದು ಪೆಟ್ಟಿಗೆಯ ಕಡೆಗೆ ನೆಲಕ್ಕೆ ತಾಗುವಂತೆ ಹೊಡೆದ.

ಚೆಂಡು ಎರಡು ಸಲ ಪುಟಿಯಿತು. ಪೆಟ್ಟಿಗೆಯ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ, ಹಾದು ಹಿಂದಿನ ಹುಲ್ಲಿನ ಮೇಲೆ ಉರುಳುತ್ತ ಹೋಯಿತು. ಅದನ್ನು ಯಾರೂ ನೋಡಲಿಲ್ಲ. ಗ್ಯಾಲರಿಯ ತಲೆಗಳೆಲ್ಲ ಅಷ್ಟರಲ್ಲಾಗಲೇ ಮೊದಲನೇ ಬೇಸಿನ ಕಡೆ ತಿರುಗಿದ್ದವು. ಅಲ್ಲಿ ವಿನಿಸಿಯೊ ಒಂದು ಕಾಲನ್ನು ಬೇಸಿನ ಮೇಲಿಟ್ಟು, ಮೈ ಮುಂದಕ್ಕೆ ಬಾಗಿಸಿ, ಎಲ್ಪಿಡಿಯೊನ ಎಸೆತಕ್ಕೆ ಬರಿಗೈ ತೆರೆದು ಚಾಚಿಕೊಂಡು ನಿಂತಿದ್ದ.