ಖಾರ ಮುಟ್ಟದ ಒರಳು

ಬಡೇಸಾಬ್ ತಗಡಿನ ಕೆಲಸದವನು. ಬೊಂಬಾಯಿಗೆ ಹೋದವನು ಬರುವಾಗ ಒಂದು ಜೋಡಿ ಚಿನ್ನದ ಮೀನು ತಂದಿದ್ದ. ರೈಲು ನಿಂತಲ್ಲೆಲ್ಲ ಇಳಿದು ಡಬ್ಬಿಯ ನೀರು ಬದಲಿಸಿ, ದಾವಣಗೆರೆ ಮುಟ್ಟುವವರೆಗೆ ಕಣ್ಣು ಮುಚ್ಚಿರಲಿಲ್ಲ. ನಿಟ್ಟುವಳ್ಳಿಯ ಮನೆಯ ಹಿತ್ತಿಲ ತೊಟ್ಟಿಯಲ್ಲಿ ಅವು ಮರಿ ಮಾಡಿದವು. ಆಮೇಲೆ ಮೈಗೆಲ್ಲ ಹತ್ತಿಯಂಥ ಬೂಷ್ಟು ಹಿಡಿದು ದೊಡ್ಡವೆರಡೂ ಸತ್ತವು. ಉಳಿದದ್ದು ಇನ್ನೂ ಬಣ್ಣ ತಿರುಗದ ಮರಿಗಳು. ಈಗ ಅವುಗಳ ಬಾಲಕ್ಕೂ ಬಿಳಿ ಹತ್ತಿತ್ತು.

ಬೇವು, ತುಳಸಿ ಕುಟ್ಟಿ ರಸ ಬಿಟ್ಟರೆ ಬೂಷ್ಟು ಬಿಡುತ್ತದೆಂದು ಯಾರೋ ಹೇಳಿದ್ದರು. ಹೆಂಡತಿ ಮಾಬೂಬೀ ಒರಳು ತಂದಿಟ್ಟಳು. ಬಡೇಸಾಬ್ ಮೂಸಿ ನೋಡಿ ಉರಿದುಬಿದ್ದ.

“ಮೆಣಸಿನಕಾಯಿ ಕುಟ್ಟೋದಲ್ಲೇನೇ ಇದು? ಮರಿಗೆ ಮದ್ದು ಮಾಡ್ತೀಯೋ, ಮರೀನೇ ಸಾರು ಮಾಡ್ತೀಯೋ?”

“ತೊಳ್ದೀನ್ರಿ.”

“ಕಲ್ಲು ಕುಡಿದಿದ್ದು ತೊಳೆದ್ರೆ ಹೋಗಾಕಿಲ್ಲ!”

ಹರಿಹರದ ಹೊಳೆದಂಡೆಯಲ್ಲಿ ಮಾಬೂಬೀಯ ತಮ್ಮ ನಬೀ ಸಾಬನ ಮನೆ. ಅಲ್ಲಿಯ ಅಂಗಳದಲ್ಲೊಂದು ಸಣ್ಣ ಒರಳು ಬಿದ್ದಿದ್ದು ನೆನಪಾಗಿ ಬಡೇಸಾಬ್ ಬೆಳಗಿನ ಬಸ್ಸು ಹಿಡಿದ. ನಬೀ ಸಾಬ್ ಮೀನಿಗೆ ಹೋಗಿದ್ದ. ಅವನ ಹೆಂಡತಿ ಅಮೀನಾಬೀ ಒಬ್ಬಳೇ ಇದ್ದಳು.

“ಇದಕ್ಕೆ ಖಾರ ಮುಟ್ಟಿಸಿದೀರೇನಮ್ಮ?”

“ಇಲ್ಲ ಭಾಯಿ, ಅದನ್ನ ಅಡಿಗಿ ಮನಿಗೇ ತರಾಕಿಲ್ಲ. ಅದು ಅವ್ರು—”

“ಅಷ್ಟು ಸಾಕು.”

“ಅವ್ರು ಬರ್ಲಿ, ಒಂದ್ ಮಾತು ಕೇಳಿ...”

“ಕಲ್ಲು ಒಯ್ಯಾಕೂ ನಿನ್ ಗಂಡನ ಅಪ್ಪಣೆ ಬೇಕೇನು?” ಎಂದವನೇ ಒರಳನ್ನು ಹೆಗಲಿಗೇರಿಸಿ ಹೊರಟ.

ಒರಳಿನ ತಳದಲ್ಲಿ ಕಂದು ಪೊರೆಯೊಂದು ಅಂಟಿತ್ತು. ಮನೆಗೆ ತಂದವನು ಅದನ್ನು ಹೊಳೆಯ ಮಣ್ಣೆಂದು ಮೇಲೆ ಮೇಲೆ ಉಜ್ಜಿದ. ಎಲೆ ಹಾಕಿ ನೀರು ಚಿಮುಕಿಸಿ ಕುಟ್ಟತೊಡಗಿದಾಗ ಹಸಿರಿನೊಳಗಿಂದ ಸಾಬೂನಿನಂಥ ಬಿಳಿ ನೊರೆ ಎದ್ದಿತು. ಕುಟ್ಟಿದಷ್ಟೂ ಉಕ್ಕಿ ಅವನ ಬೆರಳುಗಳನ್ನು ಮುಚ್ಚಿತು.

“ಬೇವು ಹಿಂಗೆ ನೊರೆ ಬಿಡ್ತೈತೇನ್ರಿ?” ಮಾಬೂಬೀಯ ದನಿ ಇಳಿದಿತ್ತು. “ಒಂದೇ ಮರಿ ಲೋಟದಾಗೆ ಬಿಟ್ಟು ನೋಡ್ರಿ ಮೊದ್ಲು.”

“ನೀ ನೋಡಿ ಮುಗಿಸೋತನ ಬೂಷ್ಟು ಕಾಯ್ತಾ ಕೂಡ್ತೈತೇನು? ಸುಮ್ಕಿರು!”

ಬಟ್ಟೆಯಲ್ಲಿ ಹಿಂಡಿ ರಸವನ್ನೆಲ್ಲ ತೊಟ್ಟಿಗೆ ಬಿಟ್ಟ. ನೀರು ತೆಳ್ಳಗೆ ಹಸಿರಾಯಿತು. ಮರಿಗಳು ಒಮ್ಮೆಲೇ ಚದುರಿ ತಳ ಸೇರಿದವು. ಆಮೇಲೆ ತೊಟ್ಟಿಯಲ್ಲಿ ಏನೂ ಅಲುಗಾಡಲಿಲ್ಲ.

ಮಿಲ್ಲಿನ ಕೂಗು ಆಗುವ ಹೊತ್ತಿಗೆ ನಬೀ ಸಾಬ್ ನಗುತ್ತ ಹಿತ್ತಿಲಿಗೆ ಬಂದ.

“ಏನ್ ಭಾವ, ಕಳ್ಳತನ ಶುರು ಹಚ್ಕಂಡ್ರೇನು? ಒರಳು ಕೊಡ್ರಿ. ಮಡುವಿನ ನೀರು ಇಳಿದೈತೆ, ನಾಳೆ ಕಾರೇಕಾಯಿ ಕುಟ್ಟಿ ಹಾಕೋದೈತೆ.”

ಕಾರೇಕಾಯಿಯ ರಸ ಬಿದ್ದ ಮಡುವಿನಲ್ಲಿ ಮೀನು ಅಮಲೇರಿ ತೇಲುವುದನ್ನು ಬಡೇಸಾಬನೂ ಕಂಡವನೇ. ತೊಟ್ಟಿಯ ಹತ್ತಿರ ಓಡಿದ. ಮರಿಗಳೆಲ್ಲ ಮೇಲೆ ಬಂದಿದ್ದವು. ಸಣ್ಣ ಬಾಯಿಗಳು ಗಾಳಿಗಾಗಿ ತೆರೆದು ಮುಚ್ಚುತ್ತಿದ್ದವು. ಕೆಲವು ಆಗಲೇ ಮಗ್ಗುಲಾಗಿದ್ದವು.

ಮಾಬೂಬೀ ಕೊಡ ತಂದಳು. ಬಡೇಸಾಬ್ ಬೊಗಸೆಯಲ್ಲಿ ಎತ್ತೆತ್ತಿ ಹೊಸ ನೀರಿಗೆ ಬಿಟ್ಟ. ಅಲ್ಲಿಯೂ ಅವು ತೇಲಿದವು.

“ನಬೀ, ನಿನಗೆ ಗೊತ್ತಿರ್ಬೇಕು. ತೇಲಿದ ಮೀನು ಮತ್ತೆ ಚೇತರಿಸ್ಕಂತಾವೇನೋ?”

ನಬೀ ಸಾಬ್ ಒರಳಿನ ನೊರೆಯನ್ನೇ ನೋಡುತ್ತಿದ್ದ.

“ನಾವು ಬುಟ್ಟಿಗೆ ತುಂಬ್ತೀವಿ ಭಾವ,” ಎಂದ. “ಯಾವತ್ತೂ ಕಾದು ನೋಡಿಲ್ಲ.”