ಬೊಂಬೆಗೆ ಹೊಲಿದ ಅಂಗಿ

ನಮ್ಮ ಹೊಲಿಗೆ ಕಾರ್ಖಾನೆಗೆ ಪ್ರಥಮ ಚಿಕಿತ್ಸೆ ಕಲಿಸಲು ನರ್ಸಮ್ಮ ಬಂದ ದಿನ ನಾನು ಬೆಳಗ್ಗೆಯಿಂದ ಒಂದೇ ಅಂಗಿಗೆ ಮೂರು ಸಲ ಇಸ್ತ್ರಿ ಹಾಕಿದ್ದೆ. ಹಬೆ ಇಸ್ತ್ರಿಯ ಹತ್ತಿರ ನಿಲ್ಲುವವರು ಈ ತರಬೇತಿಯಲ್ಲಿ ಪಾಸಾಗಲೇಬೇಕೆಂದು ಹೊಸ ನಿಯಮ ಬಂದಿತ್ತು. ಉಳಿದವರು ಫೇಲಾದರೂ ನಡೆಯುತ್ತಿತ್ತು; ನಾನು ಪಾಸಾಗದಿದ್ದರೆ ನನ್ನನ್ನು ಕೆಳಗಿನ ಪ್ಯಾಕಿಂಗ್ ಕೋಣೆಗೆ ಹಾಕುವುದಾಗಿ ಸೂಪರ್‌ವೈಸರ್ ಹೇಳಿದ್ದ. ಅಲ್ಲಿ ಕಿಟಕಿಯಿಲ್ಲ, ಜನವಿಲ್ಲ. ನಾನು ಮಾತಾಡುವವನಲ್ಲ, ನಿಜ; ಆದರೆ ಕೇಳಿಸಿಕೊಳ್ಳುವುದಕ್ಕಾದರೂ ಜನ ಬೇಕಲ್ಲ. ಮೂವತ್ತೊಂದು ವರ್ಷ ಕಿಟಕಿ ಪಕ್ಕದ ಇಸ್ತ್ರಿ ಮೇಜಿಗೆ ನಿಂತು, ಇವರ ಮಾತು ಕೇಳಿಕೊಂಡೇ ಬದುಕಿದವನು ನಾನು.

ನರ್ಸಮ್ಮ ಸಣ್ಣ ಆಳು, ಗಂಟಲು ಮಾತ್ರ ದೊಡ್ಡದು. ಪೆಟ್ಟಿಗೆಯಿಂದ ರಬ್ಬರ್ ಬೊಂಬೆಯೊಂದನ್ನು ತೆಗೆದು ನೆಲದ ಮೇಲೆ ಮಲಗಿಸಿದರು. ತಲೆ ಇತ್ತು, ಎದೆ ಇತ್ತು. ಕೈಯಿಲ್ಲ, ಸೊಂಟದ ಕೆಳಗೆ ಏನೂ ಇಲ್ಲ. ಬಾಯಿ ತೆರೆದುಕೊಂಡು ಸೂರು ನೋಡುತ್ತಿತ್ತು.

"ಅಳಿಯಂದ್ರು ಬಂದ್ರು ನೋಡ್ರೋ! ಕೆಲಸ ಇಲ್ಲ, ಕಾರ್ಯ ಇಲ್ಲ, ಬಾಯಿ ಕಳಕೊಂಡು ಮಲಗಿದಾರೆ," ಎಂದಳು ಗುಂಡಿ ಹಚ್ಚುವ ಅವಸರದಕ್ಕ. ಅವಳ ಬಾಯಿಗೂ ಕೈಗೂ ಒಂದೇ ವೇಗ. ಅದಕ್ಕೇ ಆ ಹೆಸರು.

"ಕಾಲೇ ಇಲ್ವಲ್ಲಮ್ಮ, ವಾಪಸ್ ಹೋಗೋದು ಹೇಗೆ?" ಎಂದರು ಕಟಿಂಗ್ ಮಾಸ್ಟರ್.

"ಕಾಲಿರೋ ಅಳಿಯಂದ್ರು ಹೋಗಿದ್ದು ಎಲ್ಲಾದ್ರೂ ನೋಡಿದೀರಾ?"

ನರ್ಸಮ್ಮ ಗದರಿದರು. "ನಗಬೇಡಿ. ಇದೊಂದು ಜೀವ ಅಂದ್ಕೊಳ್ಳಿ, ಉಸಿರು ನಿಂತಿದೆ. ಭುಜ ತಟ್ಟಿ ಕೂಗಬೇಕು. ಆಂಬುಲೆನ್ಸ್ ಕರೀರಿ ಅಂತ ಒಬ್ಬರಿಗೆ ಹೇಳಬೇಕು. ಎದೆ ಮೇಲಿನ ಬಟ್ಟೆ ಸರಿಸಿ ಮೂವತ್ತು ಸಲ ಒತ್ತಬೇಕು. ಊಟ ಆದ್ಮೇಲೆ ಪರೀಕ್ಷೆ. ನಾನು ಹತ್ತು ಎಣಿಸೋದ್ರೊಳಗೆ ಒತ್ತೋಕೆ ಶುರು ಮಾಡಿರಬೇಕು, ಇಲ್ಲಾಂದ್ರೆ ಫೇಲ್."

ಅವರು ಊಟಕ್ಕೆ ಹೋದದ್ದೇ ತಡ, ಮಾಸ್ಟರ್ ಬೊಂಬೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬಟ್ಟೆ ಕಾರ್ಖಾನೆ ಕಣ್ರೋ ಇದು. ಇಲ್ಲಿ ಬಂದೋರು ಬರೀ ಮೈಯಲ್ಲಿ ಮಲಗೋದಾ? ನಮ್ಮ ಮಾನದ ಪ್ರಶ್ನೆ."

ಟೇಪು ಹಿಡಿದು ಅಳತೆ ತೆಗೆದರು. ಎಡ ಭುಜ ಅರ್ಧ ಇಂಚು ಇಳಿದಿದೆ, ಪಾಪ ಎಂದರು. ಉಳಿದಿದ್ದ ನೀಲಿ ಗೀಟಿನ ಬಟ್ಟೆ ಕತ್ತರಿಸಿ ಕೊಟ್ಟರು. ಮೂರು ಮಿಷನ್ನುಗಳು ಒಟ್ಟಿಗೆ ಓಡಿದವು. ಕೈಯೇ ಇಲ್ಲದವನಿಗೆ ತೋಳು ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಅರೆಬರೆ ಕೆಲಸ ಮಾಡಿ ನನಗೆ ಅಭ್ಯಾಸ ಇಲ್ಲ," ಎಂದು ರೇಗಿ ಎರಡು ತುಂಬುತೋಳು ಇಡಿಸಿದರು. ಅವಸರದಕ್ಕ ಬಾಯಲ್ಲಿ ತುತ್ತು ಇಟ್ಟುಕೊಂಡೇ ಏಳು ಗುಂಡಿ ಹಚ್ಚಿದಳು. ಇಸ್ತ್ರಿ ಹಾಕಿದ್ದು ನಾನು. ಖಾಲಿ ತೋಳಿಗೂ ಗೆರೆ ಕೂರಿಸಿದೆ.

ನರ್ಸಮ್ಮ ಬಂದು ಖಾಲಿ ತೋಳೊಂದನ್ನು ಎತ್ತಿ ನೋಡಿದರು. "ಇದ್ಯಾರು?"

"ಅಳಿಯಂದ್ರೇ ಮೇಡಂ. ಈಗ ನೋಡೋಕೆ ಲಕ್ಷಣವಾಗಿದಾರೆ ಅಲ್ವಾ?"

"ಸರಿ. ಜನ ಹೇಗಿದ್ರೂ ಬಟ್ಟೆ ಹಾಕ್ಕೊಂಡೇ ಬೀಳೋದು. ಬನ್ನಿ ಮಾಸ್ಟರೇ, ನೀವೇ ಮೊದಲು. ಒಂದು!"

ಮಾಸ್ಟರ್ ಭುಜ ತಟ್ಟಿದರು, ಕೂಗಿದರು, ಆಂಬುಲೆನ್ಸ್ ಕರೆಸಿದರು. ಆಮೇಲೆ ಕಾಲರ್ ಗುಂಡಿ ಬಿಚ್ಚಿದರು. ಎರಡನೆಯದು ಬಿಚ್ಚಿದರು. ಮೂರನೆಯದಕ್ಕೆ ಬಂದಾಗ ಗುಂಡಿ ಪಟ್ಟಿಯ ಹೊಲಿಗೆ ಕಣ್ಣಿಗೆ ಬಿತ್ತು. "ಯಾರಿದು ಇಲ್ಲಿ ಸೊಟ್ಟ ಹೊಡೆದಿದ್ದು?"

"ಹತ್ತು! ಸತ್ತ!" ಎಂದರು ನರ್ಸಮ್ಮ.

ಗುಂಡಿಗಳನ್ನು ಮತ್ತೆ ಹಾಕಿಟ್ಟ ಮೇಲೆ ಮುಂದಿನವನು ಐದನೇ ಗುಂಡಿಯವರೆಗೆ ಬಂದ. ಅಳಿಯ ಮತ್ತೆ ಸತ್ತ. ಅವಸರದಕ್ಕ ಆರಕ್ಕೆ ತಲುಪಿದಳು, ಸತ್ತ. "ಹರಿದು ಹಾಕ್ರೀ! ಜೀವ ಹೋಗ್ತಿದೆ!" ಎಂದು ನರ್ಸಮ್ಮ ಕಿರುಚಿದರು. ಹೊಸ ಅಂಗಿ ಹರಿಯುವುದೇ? ನಮ್ಮಲ್ಲಿ ಒಬ್ಬರಿಗೂ ಕೈ ಬರಲಿಲ್ಲ. ಹನ್ನೊಂದು ಸಲ ಸತ್ತ ಅಳಿಯ. ಸಾಲಿನಲ್ಲಿ ನಿಂತವರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ಕಣ್ಣೀರು ಬರುವಂತೆ ನಗುತ್ತಿದ್ದರು.

"ಇಸ್ತ್ರಿ ತಾತ, ನೀವೇ ಕೊನೆ," ಎಂದ ಸೂಪರ್‌ವೈಸರ್. ಆ ಕಿಟಕಿಯಿಲ್ಲದ ಕೋಣೆ ಕಣ್ಣ ಮುಂದೆ ಬಂತು.

ಮಂಡಿಯೂರಿದೆ. ಭುಜ ತಟ್ಟಿದೆ, ಕೂಗಿದೆ. ಆಂಬುಲೆನ್ಸ್ ಅಂದೆ. ನರ್ಸಮ್ಮ ಆಗಲೇ ಐದಕ್ಕೆ ಬಂದಿದ್ದರು. ನನ್ನ ಕೈಯಿಂದ ಈವರೆಗೆ ಒಂದು ಅಂಗಿಯೂ ಕೆಟ್ಟಿಲ್ಲ. ಆದರೆ ನನಗೆ ಗೊತ್ತಿದ್ದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಸರದಕ್ಕನಿಗೆ ಗುಂಡಿಯ ದಾರಕ್ಕೆ ಗಂಟು ಹಾಕುವಷ್ಟು ಪುರುಸೊತ್ತಿಲ್ಲ. ಹತ್ತೊಂಬತ್ತು ವರ್ಷದಿಂದ ನನ್ನ ಇಸ್ತ್ರಿ ತಾಗಿ ಉದುರಿದ ಅವಳ ಗುಂಡಿಗಳನ್ನು ಆಯ್ದು, ಯಾರಿಗೂ ಹೇಳದೆ, ಅವಳ ಡಬ್ಬಿಗೇ ಹಾಕುತ್ತಾ ಬಂದಿದ್ದೆ.

ಎರಡೂ ಪಟ್ಟಿ ಹಿಡಿದು ಎಳೆದೆ.

ಟಪಟಪಟಪ! ಏಳಕ್ಕೆ ಏಳೂ ಹಾರಿದವು. ಒಂದು ಸೂಪರ್‌ವೈಸರನ ಹಣೆಗೆ ಬಡಿಯಿತು, ಒಂದು ಮಾಸ್ಟರ್ ಕನ್ನಡಕಕ್ಕೆ. ಇನ್ನೊಂದು ಸೀದಾ ಅಳಿಯನ ಬಾಯೊಳಗೆ ಹೋಯಿತು. ಬಟ್ಟೆಗೆ ಒಂದು ಗೀರೂ ಇಲ್ಲ. ನರ್ಸಮ್ಮ "ಎಂಟು" ಎನ್ನುವಷ್ಟರಲ್ಲಿ ನಾನು ಒತ್ತತೊಡಗಿದ್ದೆ.

"ಅಯ್ಯೋ ನನ್ನ ಗುಂಡಿ!" ಎಂದಳು ಅವಸರದಕ್ಕ.

"ಏನಮ್ಮ ಇದು, ಕಡಲೆ ಉದುರಿದ ಹಾಗೆ ಉದುರ್ತು?" ಎಂದ ಸೂಪರ್‌ವೈಸರ್ ಹಣೆ ಉಜ್ಜಿಕೊಂಡು.

"ಇಸ್ತ್ರಿ ಕಾವಿಗೆ ದಾರ ಸಡಿಲ ಆಗಿರುತ್ತೆ... ಹನ್ನೆರಡು, ಹದಿಮೂರು... ತಪ್ಪು ನಂದೇ," ಎಂದೆ ಒತ್ತುತ್ತಲೇ.

ಅವಸರದಕ್ಕ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿ, ಸೆರಗು ಬಾಯಿಗೊತ್ತಿಕೊಂಡು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು. ಮೂವತ್ತೊಂದು ವರ್ಷದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ನಗುವೆಲ್ಲ ನನ್ನಿಂದ ಒಟ್ಟಿಗೆ ಹೊರಟಿತು. ನಗುತ್ತಾ ಒತ್ತಿದೆ, ಒತ್ತುತ್ತಾ ನಕ್ಕೆ. ಮೂವತ್ತಕ್ಕೆ ಬರುವಷ್ಟರಲ್ಲಿ ನರ್ಸಮ್ಮನೇ ಗೋಡೆ ಹಿಡಿದು ಬಗ್ಗಿದ್ದರು.

"ಪಾಸ್!" ಎಂದರು ಕಣ್ಣೊರೆಸಿಕೊಂಡು. "ಒಬ್ಬರಾದ್ರೂ ಜೀವ ಉಳಿಸಿದ್ರಲ್ಲ."

"ಹಾಗಾದ್ರೆ ಮೇಜು ನಿಮ್ದೇ ತಾತ," ಎಂದ ಸೂಪರ್‌ವೈಸರ್.

ನಾನು ಏಳಲು ಹೋದೆ. ಮಂಡಿ ಹಿಡಿದುಕೊಂಡಿತ್ತು, ನಗು ನಿಂತಿರಲಿಲ್ಲ, ಅಲ್ಲೇ ಪಕ್ಕಕ್ಕೆ ಉರುಳಿದೆ. ಫೇಲಾದ ಹನ್ನೊಂದೂ ಜನ ಒಮ್ಮೆಲೇ ಮೇಲೆ ಬಿದ್ದರು.

"ಭುಜ ತಟ್ಟಿ ಮೊದಲು!"

"ತಾತ! ತಾತ! ಕೇಳಿಸ್ತಿದೆಯಾ?"

"ನಗ್ತಿದಾರೆ ಅಂದ್ರೆ ಉಸಿರಿದೆ ಅಂತ ಕಣೋ, ಕೈ ತೆಗಿ!"

ಕೈಕಾಲು ಹಿಡಿದೆತ್ತಿ, ದಾರಿಯಲ್ಲಿ ತಲೆ ಮುಂದೋ ಕಾಲು ಮುಂದೋ ಎಂದು ಜಗಳವಾಡುತ್ತಾ, ಕಿಟಕಿ ಪಕ್ಕದ ನನ್ನ ಮೇಜಿನ ಕಡೆಗೇ ಹೊತ್ತುಕೊಂಡು ಹೊರಟರು.

"ಲೋ, ಇಸ್ತ್ರಿ ಆರಿಸಿದೀರಾ ನೋಡ್ರೋ!" ಎಂದು ನಾನು ಕಿರುಚಿದೆ. ನನ್ನ ಗಂಟಲು ಇಷ್ಟು ದೊಡ್ಡದೆಂದು ಆ ದಿನವೇ ನನಗೆ ಗೊತ್ತಾದದ್ದು.