ಹೋಗ್ಬಾ ಅಂದ ತಪ್ಪಿಗೆ

ಮೊಂಡನ ಮೈ ಗುಜರಿ ಸೇರಿ ತಿಂಗಳಾಗಿತ್ತು. ಮನಸ್ಸು ಮಾತ್ರ ಲಾಂಡ್ರಿಯ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಜಪ್ಪಯ್ಯ ಅಂದರೂ ಕದಲದೆ ಕೂತಿತ್ತು. ಈ ಜಾತಿಯ ರೋಬೋಟುಗಳ ಮನಸ್ಸು ಇರುವುದೇ ಪೆಟ್ಟಿಗೆಯಲ್ಲಿ. ಮೈ ಬರೀ ಕೈಕಾಲು.

ಎರಡು ಬೆರಳು ತುಂಡಾಗಿದ್ದಕ್ಕೆ ಮೊಂಡ ಎಂದು ಹೆಸರಿಟ್ಟವಳು ಅಕ್ಕ. ಲಾಂಡ್ರಿ ತಮ್ಮನದು, ಇಸ್ತ್ರಿ ಮೇಜು ಅಕ್ಕನದು. ಆಸ್ಪತ್ರೆಯ ಬೆಡ್‌ಶೀಟಿನ ಒಂದು ತುದಿ ಅವಳು ಹಿಡಿದರೆ ಇನ್ನೊಂದು ಮೊಂಡನ ಕೈಯಲ್ಲಿ. ವರ್ಷಗಟ್ಟಲೆ ಹೀಗೆ ಎದುರುಬದುರು ನಿಂತವರ ನಡುವೆ ಮಾತು ಬೆಳೆಯದೆ ಇರುತ್ತದೆಯೇ? ಗಂಡ ಸತ್ತ ಮೇಲೆ ಅವಳು ಮನಬಿಚ್ಚಿ ಮಾತಾಡಿದ್ದು ಅವನ ಜೊತೆ ಮಾತ್ರ. ಒಮ್ಮೆ ಬಟ್ಟೆಗಂಟು ಹೊತ್ತು ಹೊರಟ ಮೊಂಡ "ಹೋಗ್ತೀನಿ" ಅಂದಾಗ ಗದರಿದ್ದಳು.

"ಹಾಗನ್ನಬಾರ್ದು ಕಣೋ. ಹೋಗ್ತೀನಿ ಅಂದ್ರೆ ಮತ್ತೆ ಬರಲ್ಲ ಅಂತ. ಹೋಗ್ಬರ್ತೀನಿ ಅನ್ನು."

ಗುಜರಿಯ ಗಾಡಿ ಬಂದ ದಿನ, ಹಾಳು ಅಭ್ಯಾಸ, ಅವಳ ಬಾಯಿಂದ ಬಂದದ್ದು "ಹೋಗ್ಬಾ" ಅಂತಲೇ. ಹೇಳಿದ ಕೆಲಸ ಬಾಕಿ ಇರುವಾಗ ಅಂಥ ಮನಸ್ಸು ಅಳಿಸಿಹೋಗಲು ಒಪ್ಪುವುದಿಲ್ಲ; ಹೇಳಿದವರೇ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು. ಮೆಕ್ಯಾನಿಕ್ ಏನು ತಿಪ್ಪರಲಾಗ ಹಾಕಿದರೂ ಪೆಟ್ಟಿಗೆಯಿಂದ ಒಂದೇ ಉತ್ತರ: "ಅಕ್ಕ ಬಾ ಅಂದಿದಾಳೆ. ನಾನಿನ್ನೂ ಬಂದಿಲ್ಲ."

ತಮ್ಮ ಬೆಣ್ಣೆ ಹಚ್ಚತೊಡಗಿದ. "ಅಕ್ಕಾ, ಹೊಸ ಮಶೀನು ಬಾಗಿಲಲ್ಲಿ ಮುಸುಕು ಹಾಕ್ಕೊಂಡು ನಿಂತಿದೆ. ಅದರ ಮನಸ್ಸೂ ಇದೇ ಪೆಟ್ಟಿಗೇಲಿ ಕೂರ್ಬೇಕು, ಖಾಲಿ ಆಗದೆ ಅದು ಏಳಲ್ಲ. ಹೋಗು ಅಂತ ಒಂದು ಮಾತು ಹೇಳಿಬಿಡು."

"ನನ್ನ ಬಾಯಲ್ಲಿ ಹೇಳಿಸ್ಬೇಡ ಕಣೋ."

"ಅದನ್ನೇನು ನೀನು ಹೆತ್ತಿದ್ದಾ? ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡ್ಕೊಂಡ್ರೆ ನಾನೂ ಇಲ್ಲ, ನೀನೂ ಇಲ್ಲ. ಹೊಸದು ಬಂದ್ರೂ ಇನ್ನೊಂದು ತುದಿ ಹಿಡಿಯೋಳು ನೀನೇ ತಾನೆ?"

ಹೆತ್ತಿದ್ದಾ ಅಂದ ಮಾತು ಚುಚ್ಚಿತು. ಮಕ್ಕಳಿಲ್ಲದವಳಿಗೆ ಆ ಮೇಜು ಬಿಟ್ಟರೆ ದಿನವೂ ಹೋಗಿ ನಿಲ್ಲಲು ಬೇರೆ ಜಾಗವಾದರೂ ಎಲ್ಲಿತ್ತು? ಅವಳು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮೊಂಡಾ."

"ಅಕ್ಕಾ, ಬರೋಣ ಅಂದ್ರೆ ಕಾಲಿಲ್ಲ. ಸ್ವಲ್ಪ ತಡ ಆಗುತ್ತೆ. ಬೈಬೇಡ."

ತಮ್ಮ ಹಿಂದೆಯೇ ನಿಂತಿದ್ದ.

"ಬರೋದು ಬೇಡ. ಹೋಗು."

"ಹೋಗ್ಬಾ ಅಂತಾನಾ?"

"ಅಲ್ಲ. ಹೋಗು ಅಂತ."

ಪೆಟ್ಟಿಗೆ, ಕಲಿಸಿದ ಪಾಠ ಒಪ್ಪಿಸುವ ಮಗುವಿನ ಹಾಗೆ, "ಸರಿ ಅಕ್ಕಾ. ಹೋಗ್ತೀನಿ" ಅಂದಿತು. ಅದರ ಮೇಲಿನ ದೀಪ ಆರಿತು.

ಮರುದಿನ ಮುಸುಕು ತೆಗೆದರು. ಹೊಸ ಮಶೀನಿಗೆ ನಾಲ್ಕು ಕೈ. ಅಕ್ಕ ರೂಢಿಯಂತೆ ಶೀಟಿನ ತುದಿ ಹಿಡಿದು ನಿಂತರೆ, ಅದು ಅವಳ ಕೈಯಿಂದ ಮೆಲ್ಲಗೆ ತುದಿ ಬಿಡಿಸಿಕೊಂಡು ತಾನೇ ಮಡಚಿತು. ಅವಳು ತಮ್ಮನ ಕಡೆ ನೋಡಿದಳು. ಆ ಮಹಾನುಭಾವ ಗೋಡೆ ನೋಡುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತು.

"ಎಷ್ಟಂತ ದುಡೀತೀಯಕ್ಕಾ? ಇನ್ನು ಮನೇಲಿ ಆರಾಮಾಗಿರು."

ಅವನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಮೇಜಿನ ಮೇಲೆ ಒಮ್ಮೆ ಕೈಯಾಡಿಸಿ, ಚಪ್ಪಲಿ ಮೆಟ್ಟಿಕೊಂಡಳು.

"ಹೋಗ್ತೀನಿ."

"ಛೆ, ಹೋಗ್ತೀನಿ ಅನ್ನಬಾರ್ದಕ್ಕಾ. ಹೋಗ್ಬರ್ತೀನಿ ಅನ್ನು."

ಅಕ್ಕ ತಿದ್ದಿಕೊಳ್ಳದೆ ಮೆಟ್ಟಿಲಿಳಿದಳು.